ಗರ್ಭಪಾತದ ನಂತರದ ಆರೈಕೆ: ಒಂದು ವಿಭಾಗದ ಸೇವೆಯ ವಿಮರ್ಶೆ

ಗರ್ಭಪಾತವಾದವರನ್ನು ನೋಡಿಕೊಳ್ಳುವ ವಿಭಾಗವೊಂದರ ಯೋಗ್ಯತೆಯನ್ನು ಅಳೆಯಬೇಕಾದರೆ, ಅಲ್ಲಿ ಗರ್ಭಕೋಶವನ್ನು ಎಷ್ಟು ಬೇಗ ಸ್ವಚ್ಛಗೊಳಿಸುತ್ತಾರೆ ಎಂಬುದಕ್ಕಿಂತ, ಸ್ವಚ್ಛಗೊಳಿಸುವ ಮುನ್ನ ಏನೇನು ಕೇಳಿ ತಿಳಿಯುತ್ತಾರೆ ಎಂಬುದನ್ನು ನೋಡಬೇಕು. ನನ್ನ ತಂಗಿ ಚಿಕಿತ್ಸೆ ಪಡೆದ ವಿಭಾಗವನ್ನು ನಾನು ಮೆಚ್ಚುವುದು ಈ ಕಾರಣಕ್ಕೇ.

ಮೂರು ತಿಂಗಳೊಳಗೇ ಗರ್ಭಪಾತವಾಗಿ, ಮಾತ್ರೆ ತೆಗೆದುಕೊಂಡ ಮೇಲೂ ಅವಳ ರಕ್ತಸ್ರಾವ ವಾರಗಟ್ಟಲೆ ನಿಂತಿರಲಿಲ್ಲ. ಮೊದಲು ತೋರಿಸಿದ್ದ ಕಡೆ, ಸ್ವಲ್ಪ ಕಸ ಉಳಿದಿದೆ, ಡಿ ಅಂಡ್ ಸಿ (ಗರ್ಭಕೋಶದ ಬಾಯಿ ಹಿಗ್ಗಿಸಿ ಒಳಗನ್ನು ಕೆರೆದು ತೆಗೆಯುವುದು) ಮಾಡಿದರೆ ಸರಿಹೋಗುತ್ತದೆ ಎಂದಿದ್ದರು. ಇಲ್ಲಿನ ವೈದ್ಯೆ ಹಿಂದಿನ ಹೆರಿಗೆ ಹೇಗಾಯಿತು, ಗರ್ಭಕೋಶಕ್ಕೆ ಬೇರೆ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ವಿಚಾರಿಸಿದರು. ಸಿಸೇರಿಯನ್ ಆಗಿತ್ತೆಂದು ತಿಳಿದ ಕೂಡಲೇ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸಹಿತ, ಯೋನಿಯ ಮೂಲಕ ಮಾಡುವ ಒಳಸ್ಕ್ಯಾನಿಂಗ್ ಮಾಡಿಸಿದರು. ಉಳಿದಿದ್ದ ಮಾಸು (ಪ್ಲಾಸೆಂಟಾ) ಹಳೆಯ ಹೊಲಿಗೆಯ ಕಲೆಯ ಬಳಿ ಸ್ನಾಯುವಿಗೇ ಅಂಟಿಕೊಂಡಂತೆ ಕಂಡಿತು.

ಸಹಜವಾಗಿ ಮಾಸಿಗೂ ಗರ್ಭಕೋಶದ ಸ್ನಾಯುವಿಗೂ ನಡುವೆ ಒಳಪದರವೊಂದಿದ್ದು, ಮಾಸು ಕಳಚಿಕೊಳ್ಳುವುದು ಆ ಪದರದಲ್ಲೇ. ಸಿಸೇರಿಯನ್, ಡಿ ಅಂಡ್ ಸಿ ಅಥವಾ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಅದು ಹಾಳಾದ ಕಡೆ ಮಾಸು ನೇರವಾಗಿ ಸ್ನಾಯುವಿಗೆ ಅಂಟಬಹುದು; ಇದು ಅಕ್ರೀಟಾ. ಸ್ನಾಯುವಿನೊಳಕ್ಕೆ ಇಳಿದರೆ ಇನ್‌ಕ್ರೀಟಾ, ಸ್ನಾಯುವನ್ನೂ ದಾಟಿದರೆ ಪರ್‌ಕ್ರೀಟಾ. ಇದು ತುಂಬು ತಿಂಗಳ ಹೆರಿಗೆಯ ತೊಂದರೆಯೆಂದೇ ಅನೇಕರು ತಿಳಿದಿದ್ದಾರೆ. ಆದರೆ ಅಪರೂಪಕ್ಕಾದರೂ ಮೊದಲ ಮೂರು ತಿಂಗಳಲ್ಲಿ ಗರ್ಭ ಹೋದಾಗ ಅಥವಾ ತೆಗೆಸಿದಾಗಲೂ ಹೀಗಾಗುತ್ತದೆ. ಹಾಗೆ ಅಂಟಿದ್ದನ್ನು ಕಣ್ಣಿಗೆ ಕಾಣದೆ ಕೆರೆದರೆ, ತೆರೆದುಕೊಂಡ ರಕ್ತನಾಳಗಳು ಬೇಗ ಮುಚ್ಚಿಕೊಳ್ಳದೆ, ಪ್ರಾಣ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಗಿ ಬರಬಹುದು.

ಡಾಪ್ಲರ್‌ನಲ್ಲಿ ರಕ್ತದ ಹರಿವು ಹೆಚ್ಚಾಗಿ ಕಂಡ ಮಾತ್ರಕ್ಕೆ ಅಕ್ರೀಟಾ ಎಂದು ತೀರ್ಮಾನಿಸಲಾಗದು, ಸಾಮಾನ್ಯವಾಗಿ ಉಳಿದ ಮಾಸಿನಲ್ಲೂ ಹಾಗೆ ಕಾಣುತ್ತದೆ ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು. ಗರ್ಭದ ಹಾರ್ಮೋನನ್ನು ಅಳೆಯುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ, ಎಂಆರ್‌ಐ ಆದ ಮೇಲೆಯೇ ಯೋಜನೆ ಸಿದ್ಧವಾಯಿತು. ಹೊಂದುವ ರಕ್ತವನ್ನು ತೆಗೆದಿರಿಸಿ, ಗರ್ಭಕೋಶದ ರಕ್ತನಾಳವನ್ನು ಒಳಗಿನಿಂದ ಮುಚ್ಚಬಲ್ಲ ತಂಡವನ್ನು ಸಿದ್ಧವಾಗಿರಿಸಿಕೊಂಡು, ಹಿಸ್ಟೆರೋಸ್ಕೋಪ್‌ನಿಂದ (ಗರ್ಭಕೋಶದೊಳಗೆ ತೂರಿಸಿ ನೋಡುವ ಸಣ್ಣ ಕೊಳವೆ) ನೋಡುತ್ತಲೇ ಮಾಸನ್ನು ತೆಗೆದರು. ಗರ್ಭಕೋಶ ತೆಗೆಯಬೇಕಾದೀತು ಎಂಬ ಮಾತನ್ನು ಅವಳೊಡನೆಯೇ, ಮೊದಲೇ, ಬಿಡುವಾಗಿ ಕುಳಿತು ಆಡಿದರು. ಅಂಥ ಮಾತನ್ನು ಸಹಿಯ ಹೊತ್ತಿನಲ್ಲಿ ಅವಸರದಿಂದ ಮುಗಿಸದಿರುವುದು ದೊಡ್ಡ ಗುಣ. ಗರ್ಭಕೋಶ ಉಳಿಯಿತು. ಮಾಸು ಸ್ನಾಯುವಿಗೆ ಅಂಟಿದ್ದು ಪೆಥಾಲಜಿ ವರದಿಯಲ್ಲಿ ದೃಢಪಟ್ಟಿತು.

ಕೊರತೆಗಳೂ ಇವೆ. ಗರ್ಭ ಕಳೆದುಕೊಂಡವರನ್ನು ತುಂಬು ಗರ್ಭಿಣಿಯರ ಸಾಲಿನಲ್ಲೇ ಕಾಯಿಸುವುದು ನಿರ್ದಯ; ಬೇರೊಂದು ಕೋಣೆ ಕೊಡುವುದು ಕಷ್ಟವಲ್ಲ. ಇನ್ನೂ ಗಂಭೀರವಾದದ್ದು ಡಿಸ್‌ಚಾರ್ಜ್ ಚೀಟಿಯ ಲೋಪ. ಸತತ ಎರಡು ಗಂಟೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ ಕೂಡಲೇ ಬರಬೇಕೆಂಬುದಾಗಲಿ, ಮುಂದಿನ ಬಾರಿ ಗರ್ಭ ನಿಂತರೆ ಆರಂಭದ ವಾರಗಳಲ್ಲೇ ಸ್ಕ್ಯಾನಿಂಗ್ ಮಾಡಿಸಿ ಅದು ಕಲೆಯ ಜಾಗದಲ್ಲಿ ಕೂತಿದೆಯೇ ಎಂದು ನೋಡಿಸಬೇಕೆಂಬುದಾಗಲಿ ಅದರಲ್ಲಿರಲಿಲ್ಲ. ನಾವು ಕೇಳಿದ ಮೇಲೆ ಬರೆದುಕೊಟ್ಟರು.

ಹಿಂದೆ ಸಿಸೇರಿಯನ್ ಅಥವಾ ಡಿ ಅಂಡ್ ಸಿ ಆಗಿದ್ದು, ಗರ್ಭಪಾತದ ನಂತರ ರಕ್ತಸ್ರಾವ ನಿಲ್ಲದವರಿಗೆ ಇಂಥ ವಿಭಾಗವನ್ನೇ ಹುಡುಕಿಕೊಂಡು ಹೋಗಿ ಎಂದು ಹೇಳುತ್ತೇನೆ. ಹೋಗುವಾಗ ಹಳೆಯ ಶಸ್ತ್ರಚಿಕಿತ್ಸೆಯ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಿ.