ವಿದೇಶಿ ಗೆಳೆಯರ ಜೊತೆ ಒಂದು ಸಂಜೆ: ಅರಮನೆ ಹೋಟೆಲ್ಲೋ, ಪಬ್ಬೋ, ಮಾಮೂಲಿ ಬಾರೋ?

ಮೈಸೂರಿನಲ್ಲಿ ಟೇಬಲ್ ಹಿಡಿಯುವ ಮೊದಲು ಕ್ಯಾಲೆಂಡರ್ ನೋಡಬೇಕು. ಇಲ್ಲಿ ತಿಂಗಳುಗಟ್ಟಲೆ ನಿಲ್ಲುವ ವಿದೇಶಿಯರಲ್ಲಿ ಬಹಳಷ್ಟು ಮಂದಿ ಗೋಕುಲಂ ಬಡಾವಣೆಯ ಸುತ್ತ ಅಷ್ಟಾಂಗ ಯೋಗ ಕಲಿಯಲು ಬಂದವರು. ಬೆಳಗಿನ ಜಾವಕ್ಕೇ ಮ್ಯಾಟ್ ಹಾಸಬೇಕಾದವರು ರಾತ್ರಿ ಒಂಬತ್ತಕ್ಕೆಲ್ಲ ದೀಪ ಆರಿಸುತ್ತಾರೆ. ಈ ಪರಂಪರೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸವಿಲ್ಲ, ವಾರಕ್ಕೊಂದು ರಜೆಯೂ ಉಂಟು. ಅದರ ಹಿಂದಿನ ಸಂಜೆಯೇ ಇವರ ಬಿಯರ್ ಸಂಜೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆ ಸಂಜೆಗಳಿಗೆ ಆರೂವರೆಗೇ ಹೋಗಿ ಕೂರುವುದು ಕ್ಷೇಮ. ವಿಶ್ವವಿದ್ಯಾನಿಲಯದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಬೇರೆ: ಅವರಿಗೆ ವಾರಾಂತ್ಯ ಬೇಕು, ಬಿಲ್ ಚಿಕ್ಕದಿರಬೇಕು.

ಅರಮನೆ ಹೋಟೆಲ್‌ಗಳ ಮಾತು ಬೇಗ ಮುಗಿಯುತ್ತದೆ. ಚಾಮುಂಡಿ ಬೆಟ್ಟದ ಬುಡದ ಲಲಿತಮಹಲ್‌ಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದ್ದು 1921ರಲ್ಲಿ, ಅದು ಹೋಟೆಲ್ ಆದದ್ದು 1974ರಲ್ಲಿ. ಜೆಎಲ್‌ಬಿ ರಸ್ತೆಯ ಮೆಟ್ರೊಪೋಲ್ 1920ರಲ್ಲಿ ಮಹಾರಾಜರ ಬ್ರಿಟಿಷ್ ಅತಿಥಿಗಳಿಗೆಂದು ಎದ್ದ ಕಟ್ಟಡ. ಇಂಥ ಕಡೆ ನೀವು ದುಡ್ಡು ಕೊಡುವುದು ಎತ್ತರದ ಚಾವಣಿಗೆ, ಜಗಲಿಗೆ, ಕೆಳದನಿಯ ಮಾತಿಗೆ. ಬಾಟಲಿಯೊಳಗಿನ ಬಿಯರ್ ಊರಿಗೆಲ್ಲ ಒಂದೇ. ಅಪ್ಪ ಅಮ್ಮ ಊರಿನಿಂದ ಬಂದಿದ್ದಾರೆ ಎನ್ನುವ ವಿದೇಶಿ ಗೆಳತಿಗೆ ಮೊದಲ ಸಂಜೆ ಇದು ಸರಿ, ಎರಡನೇ ಸಂಜೆಗೆ ದುಬಾರಿ. ಎರಡರಲ್ಲಿ ಗೋಕುಲಂನವರಿಗೆ ಮೆಟ್ರೊಪೋಲ್ ಹತ್ತಿರ, ಲಲಿತಮಹಲ್ ಊರಿನ ಆ ತುದಿ. ಹೊರಗಿನವರನ್ನು ಬಾರಿಗೆ ಬಿಡುವ ಹೊತ್ತು, ಪ್ರವೇಶ ಶುಲ್ಕ ಇದೆಯೋ ಇಲ್ಲವೋ ಎಂಬುದನ್ನು ಫೋನಿನಲ್ಲೇ ಕೇಳಿಕೊಂಡು ಹೊರಡಿ.

ಪಬ್‌ನ ಲಾಭವೆಂದರೆ ಹೆಂಗಸರು, ಗಂಡಸರು ಬೆರೆತ ಎಂಟು ಜನರ ಗುಂಪಿಗೆ ಯಾರೂ ತಿರುಗಿ ನೋಡದಿರುವುದು. ಹುಣಸೂರು ರಸ್ತೆಯ ಪೆಲಿಕನ್ ಥರದ ಹಳಬರಿಂದ ಹಿಡಿದು ಹೋಟೆಲ್‌ಗಳೊಳಗಿನ ಡಿಜೆ ಪಬ್‌ಗಳವರೆಗೆ ಇದೇ ಗುಣ. ಡಿಜೆ ಇರುವ ಕಡೆ ಎಂಟರ ಮೇಲೆ ಮಾತು ಕೇಳಿಸದು. ಮಾತಿಗೆಂದೇ ಹೋಗುವವರು ತೆರೆದ ಅಂಗಳವೋ ಮಹಡಿಯೋ ಇರುವುದನ್ನು ಹುಡುಕಿ.

ಪಬ್‌ನಲ್ಲಿ ಎಡವಟ್ಟಾಗುವುದು ಡ್ರಾಟ್ ಬಿಯರ್‌ನಲ್ಲಿ, ಅಂದರೆ ಪೀಪಾಯಿಯಿಂದ (ಕೆಗ್) ನಲ್ಲಿ ತಿರುಗಿಸಿ ಕೊಡುವ ಬಿಯರ್‌ನಲ್ಲಿ. ಇದನ್ನು ಸಾಮಾನ್ಯವಾಗಿ ಬಾಟಲಿ ಬಿಯರ್‌ನಂತೆ ಪಾಶ್ಚೀಕರಿಸಿರುವುದಿಲ್ಲ, ಕೆಗ್ ಸದಾ ತಣ್ಣಗಿರಬೇಕು, ಬೇಗ ಖಾಲಿಯಾಗಬೇಕು. ವಾರದ ಮಧ್ಯೆ ಕೆಗ್ ಖಾಲಿಯಾಗುವುದು ನಿಧಾನ, ಆದ್ದರಿಂದ ಮಂಗಳವಾರ ಪಿಚರ್ (ದೊಡ್ಡ ಜಗ್) ಹೇಳುವ ಮೊದಲು ಒಂದು ಮಗ್ ಮಾತ್ರ ತರಿಸಿ. ಹುಳಿ ವಾಸನೆ ಬಂದರೆ ಪೈಪ್ ತೊಳೆದಿಲ್ಲ. ಬರೀ ನೊರೆ ಬಂದರೆ ಹೆಚ್ಚಾಗಿ ಕೆಗ್ ಬೆಚ್ಚಗಾಗಿದೆ. ಗಾಜಿನ ಒಳಬದಿಗೆ ಗುಳ್ಳೆಗಳು ಅಂಟಿ ನಿಂತಿದ್ದರೆ ಬಿಯರ್‌ನದು ತಪ್ಪಿಲ್ಲ, ಗ್ಲಾಸ್‌ನಲ್ಲಿ ಜಿಡ್ಡಿದೆ, ಬೇರೆ ಗ್ಲಾಸ್ ಕೇಳಿದರೆ ಸಾಕು.

ಇನ್ನು ನಮ್ಮ ಬಾರ್ ಅಂಡ್ ರೆಸ್ಟೋರೆಂಟ್. ಕೆಳಗೆ ಮಬ್ಬು ಬೆಳಕು, ಗಂಡಸರ ಗದ್ದಲ, ಮೇಲೆ ಎಸಿ ಹಾಕಿದ ಫ್ಯಾಮಿಲಿ ಸೆಕ್ಷನ್. ವಿದೇಶಿಯರನ್ನು ನೇರ ಮೇಲಕ್ಕೇ ಕರೆದೊಯ್ಯಿರಿ. ಮೂವರು ನಾಲ್ವರಿಗೆ, ಜೊತೆಯಲ್ಲೊಬ್ಬ ಕನ್ನಡದವನಿದ್ದರೆ, ದುಡ್ಡಿಗೆ ಸರಿಯಾದ ಸಂಜೆ ಸಿಗುವುದು ಇಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಳತೆಯ ಅನುಮಾನ ಬೇಡವೆಂದರೆ ಪೆಗ್ ಬಿಟ್ಟು ಸೀಲ್ ಇರುವ ಕ್ವಾರ್ಟರ್ ಹೇಳಿ. ಕ್ವಾರ್ಟರ್‌ನ 180 ಎಂಎಲ್ ಅಂದರೆ 30 ಎಂಎಲ್‌ನ ಆರು ಸ್ಮಾಲ್ ಪೆಗ್, ಮೂವರಿಗೆ ಎರಡೆರಡು. ಮುಚ್ಚಳದ ಮೇಲಿನ ಅಬಕಾರಿ ಚೀಟಿ ಹರಿದಿರಬಾರದು, ಮೇಜಿನ ಮುಂದೆಯೇ ತೆರೆಯಬೇಕು. ಐಸ್ ಯಾವ ನೀರಿನದೆಂದು ಮಾಣಿಗೂ ಗೊತ್ತಿರುವುದಿಲ್ಲ, ಹೊಸದಾಗಿ ಬಂದವರಿಗೆ ಸೀಲ್ ನೀರು, ತಣ್ಣನೆ ಸೋಡಾ ಸಾಕು.

ವಿದೇಶಿಯರು ತಪ್ಪದೆ ಮೋಸ ಹೋಗುವ ಜಾಗ ಒಂದಿದೆ: ಸ್ಟ್ರಾಂಗ್ ಬಿಯರ್. ಬರೀ ‘ಬಿಯರ್’ ಎಂದರೆ ಮಾಣಿ ಸ್ಟ್ರಾಂಗನ್ನೇ ತಂದಿಡುವುದು ಹೆಚ್ಚು. 650 ಎಂಎಲ್ ಬಾಟಲಿಯಲ್ಲಿ 8% ಎಂದರೆ 52 ಎಂಎಲ್ ಆಲ್ಕೋಹಾಲ್. 42.8% ವಿಸ್ಕಿಯ 30 ಎಂಎಲ್ ಪೆಗ್‌ನಲ್ಲಿರುವುದು ಸುಮಾರು 13 ಎಂಎಲ್. ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಸ್ಮಾಲ್‌ಗೆ ಸಮ! ‘ಮೈಲ್ಡ್, ಚಿಲ್ಡ್’ ಎಂಬ ಎರಡು ಪದ ಅವರಿಗೆ ಕಲಿಸಿಬಿಡಿ.

ನೆಂಚಿಕೊಳ್ಳಲು ಬಾರ್‌ನ ಮುಂದೆ ಉಳಿದ ಎರಡೂ ಸಪ್ಪೆ. ಈರುಳ್ಳಿ, ನಿಂಬೆ ಹಿಂಡಿದ ಕಡಲೆಕಾಯಿ ಮಸಾಲೆ, ಎಗ್ ಬುರ್ಜಿ, ಪೆಪ್ಪರ್ ಚಿಕನ್, ಸಿಕ್ಕಿದರೆ ಬೋಟಿ. ಯೋಗದವರಲ್ಲಿ ವೀಗನ್‌ಗಳು ಹೆಚ್ಚು, ‘ವೆಜ್’ ಎಂದರೆ ಸಾಲದು, ತುಪ್ಪ, ಬೆಣ್ಣೆ, ಮೊಸರು ಬೇಡವೆಂದು ಬಿಡಿಸಿ ಹೇಳಬೇಕು. ಗೋಬಿ, ಕಬಾಬ್ ರಕ್ತಗೆಂಪಾಗಿ ಬಂದರೆ ವಾಪಸ್ ಕಳಿಸಿ, 2024ರಿಂದ ರಾಜ್ಯದಲ್ಲಿ ಇವಕ್ಕೆ ಕೃತಕ ಬಣ್ಣ ನಿಷಿದ್ಧ.

ಬಿಲ್ ಓದದೆ ಏಳಬೇಡಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಊಟಕ್ಕೆ ಸಾಮಾನ್ಯವಾಗಿ 5%, ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ಹೋಟೆಲ್‌ಗಳಲ್ಲಿ 18%. ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಕಟ್ಟಿದ್ದರೆ ತಿದ್ದಿಸಿ, ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಬಹುದು, ಅದು ಕಡ್ಡಾಯವಲ್ಲ. ವಿದೇಶಿ ಕಾರ್ಡ್ ಹೋಟೆಲ್‌ಗಳಲ್ಲಿ ನಡೆಯುತ್ತದೆ, ಸಣ್ಣ ಬಾರ್‌ನ ಮೆಷಿನ್ ಎಷ್ಟೋ ಸಲ ಒಪ್ಪುವುದಿಲ್ಲ. ಅಲ್ಲಿಗೆ ನಗದು ಇಟ್ಟುಕೊಂಡು ಹೋಗಲಿ. ಅಕ್ಟೋಬರ್ 2ಕ್ಕೆ, ಮತದಾನ ಮುಗಿಯುವ ಮುಂಚಿನ 48 ಗಂಟೆ, ಮೂರೂ ಕಡೆ ಮದ್ಯ ಸಿಗದು.

ಬಾಡಿಗೆ ಸ್ಕೂಟರ್‌ನಲ್ಲಿ ಬಂದವರು ಅದನ್ನು ಅಲ್ಲೇ ಬಿಡಬೇಕು. 100 ಎಂಎಲ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ. ಊರೊಳಗಿನ ಬಾರ್ ಮುಂದೆ ಹತ್ತೂವರೆಗೂ ಆಟೊ ಸಿಗುತ್ತದೆ. ಲಲಿತಮಹಲ್ ಕಡೆಯಿಂದ ಸಿಗುವುದು ಕಷ್ಟ, ಹೋಗುವಾಗಲೇ ಆಟೊದವರಿಗೆ ಕಾಯಲು ಹೇಳಿ ದರ ಮಾತಾಡಿಕೊಳ್ಳಿ.