ಅಮೆರಿಕದ ಪೌರರಾದ ನಮ್ಮವರಿಗೆ ಚರ್ಚ್ ಸ್ಟ್ರೀಟಿನಿಂದ ಕೊಂಡ ಪುಸ್ತಕಗಳು

ಬಸವನಗುಡಿ, ಮಲ್ಲೇಶ್ವರ, ಜಯನಗರಗಳ ಎಷ್ಟೋ ಮನೆಗಳಲ್ಲಿ ಈಗ ಅಮೆರಿಕದ ಪೌರರೊಬ್ಬರಾದರೂ ಇದ್ದಾರೆ. ಕೆಲವರು ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾದು, ಆಮೇಲೆ ಪ್ರಮಾಣವಚನ ಸ್ವೀಕರಿಸಿದವರು. ಅವರ ಮಕ್ಕಳು ಅಲ್ಲಿಯೇ ಹುಟ್ಟಿ, ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಆದ ಹದಿನಾಲ್ಕನೆಯ ತಿದ್ದುಪಡಿಯ ಬಲದಿಂದ ಹುಟ್ಟಿನಿಂದಲೇ ಪೌರರಾದವರು. ಪೌರತ್ವದ ಸಂದರ್ಶನಕ್ಕೆ ಹೋಗುವವರಿಗೆ ಸರ್ಕಾರವೇ ಪ್ರಶ್ನೋತ್ತರಗಳ ಪಟ್ಟಿಯನ್ನು ಒದಗಿಸುತ್ತದೆ. ಅದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು, ಆದರೆ ಮತ ಹಾಕುವ ಹಕ್ಕು ಕೈಗೆ ಬಂದ ಮೇಲೆ ಆ ದೇಶದ ಜಗಳಗಳು ಎಲ್ಲಿಂದ ಹುಟ್ಟಿದವು ಎಂಬುದು ಒಂದು ಸಾಲಿನ ಉತ್ತರಗಳಿಂದ ತಿಳಿಯುವುದಿಲ್ಲ. ಇತ್ತೀಚೆಗೆ ಪೌರತ್ವ ಪಡೆದ ಅಣ್ಣನ ಮಗಳಿಗೆ ಕಳಿಸಲೆಂದು ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಒಂದು ಕಟ್ಟು ಪುಸ್ತಕಗಳನ್ನು ಆಯ್ದುಕೊಂಡೆ. ಆ ಕಟ್ಟಿನ ಬಗ್ಗೆ, ಯಾವ ಮುದ್ರಣವನ್ನು ಕೊಳ್ಳಬೇಕು ಎಂಬುದರ ಬಗ್ಗೆ, ಮತ್ತು ಅದನ್ನು ಬೆಂಗಳೂರಿನಲ್ಲಿಯೇ ಯಾಕೆ ಕೊಳ್ಳಬೇಕು ಎಂಬುದರ ಬಗ್ಗೆ ಇಲ್ಲಿ ಬರೆದಿದ್ದೇನೆ.

ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದಾದ ಬ್ಲಾಸಮ್ ಮತ್ತು ಬುಕ್‌ವರ್ಮ್ ಎರಡರಲ್ಲಿಯೂ ಹೊಸ ಪುಸ್ತಕಗಳ ಜೊತೆಗೆ ಒಮ್ಮೆ ಓದಿದ ಪುಸ್ತಕಗಳೂ ಸಿಗುತ್ತವೆ, ಮತ್ತು ಇಂಥ ಕಟ್ಟಿಗೆ ಹಳೆಯ ಪ್ರತಿಗಳೇ ಹೆಚ್ಚು ಒಳ್ಳೆಯವು. ಸಂಪಾದಕರ ಮುನ್ನುಡಿ, ಅಡಿಟಿಪ್ಪಣಿ, ಕಾಲಾನುಕ್ರಮಣಿಕೆ ಎಲ್ಲವೂ ಇರುವ ವಿಶ್ವವಿದ್ಯಾಲಯದ ಮುದ್ರಣಗಳು ಹೊಸದಾಗಿ ಕೊಂಡರೆ ದುಬಾರಿ, ಹಳೆಯದರಲ್ಲಿ ಕೈಗೆಟಕುವಂಥವು. ಪುಸ್ತಕವನ್ನು ಕೈಯಲ್ಲಿ ಹಿಡಿದು ಪುಟ ತಿರುವಿ ನೋಡಬಹುದು ಎಂಬುದು ಅದಕ್ಕಿಂತ ದೊಡ್ಡ ಅನುಕೂಲ. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ ಬರೆದ ‘ಫೆಡರಲಿಸ್ಟ್’ ಪ್ರಬಂಧಗಳನ್ನು ಆನ್‌ಲೈನಿನಲ್ಲಿ ತರಿಸಿದೆ; ಆ ಪ್ರತಿ ಹೇಗಿತ್ತೆಂದರೆ, ಯಾವ ಪ್ರಬಂಧವನ್ನು ಯಾರು ಬರೆದರು ಎಂಬ ಉಲ್ಲೇಖ ಇರಲಿಲ್ಲ, ದಿನಾಂಕವಿರಲಿಲ್ಲ, ವಿಷಯಸೂಚಿಯೂ ಇರಲಿಲ್ಲ. ಹಕ್ಕುಸ್ವಾಮ್ಯ ಮುಗಿದ ಪಠ್ಯವನ್ನು ಎಲ್ಲಿಂದಲೋ ಇಳಿಸಿಕೊಂಡು, ಚೆಂದದ ಹೊದಿಕೆ ಹಾಕಿ ಮಾರಿದ್ದರು. ಅಮೆರಿಕದ ಈ ಹಳೆಯ ಗ್ರಂಥಗಳಿಗೆಲ್ಲ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂಥ ಮುದ್ರಣಗಳು ಬಹಳ ಇವೆ. ಕೊಳ್ಳುವ ಮುನ್ನ ಸಂಪಾದಕರ ಹೆಸರಿದೆಯೇ ಎಂದು ನೋಡುವುದು ಒಳ್ಳೆಯದು.

ಕಟ್ಟಿನಲ್ಲಿ ಮೊದಲು ಬರಬೇಕಾದದ್ದು ಅತಿ ಚಿಕ್ಕದು. 1776ರ ಸ್ವಾತಂತ್ರ್ಯ ಘೋಷಣೆ ಮತ್ತು ಸಂವಿಧಾನ ಎರಡೂ ಜೇಬಿನಲ್ಲಿಡಬಹುದಾದ ಒಂದೇ ಕಿರುಪುಸ್ತಕದಲ್ಲಿ ಸಿಗುತ್ತವೆ. ಏಳು ವಿಧಿಗಳು, ಇಪ್ಪತ್ತೇಳು ತಿದ್ದುಪಡಿಗಳು: ನಮ್ಮ ಸಂವಿಧಾನದ ಗಾತ್ರಕ್ಕೆ ಒಗ್ಗಿದವರಿಗೆ ಇದು ಒಂದು ಅಧ್ಯಾಯದಷ್ಟೂ ಅನ್ನಿಸುವುದಿಲ್ಲ. ಆದರೆ ನಿಧಾನವಾಗಿ ಓದಬೇಕು. ಎಲ್ಲ ಮನುಷ್ಯರೂ ಸಮಾನರು ಎಂದು ಆ ಘೋಷಣೆಯಲ್ಲಿ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವನು. ಅವನ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಒಂದು ಭಾಗವಿತ್ತು, ಅದನ್ನು ಕಾಂಗ್ರೆಸ್, ಅಂದರೆ ಅಲ್ಲಿಯ ವಸಾಹತುಗಳ ಪ್ರತಿನಿಧಿಗಳ ಸಭೆ, ತೆಗೆದುಹಾಕಿತು. ಮೂಲ ಸಂವಿಧಾನದಲ್ಲಿ ಗುಲಾಮ ಎಂಬ ಪದ ಎಲ್ಲಿಯೂ ಇಲ್ಲ, ಆದರೆ ಪ್ರಾತಿನಿಧ್ಯದ ಲೆಕ್ಕದಲ್ಲಿ ‘ಇತರ ವ್ಯಕ್ತಿಗಳನ್ನು’ ಐದರಲ್ಲಿ ಮೂರು ಭಾಗವಾಗಿ ಎಣಿಸಬೇಕು ಎಂಬ ನಿಯಮವಿದೆ, ತಪ್ಪಿಸಿಕೊಂಡು ಓಡಿದವರನ್ನು ಹಿಂದಿರುಗಿಸಬೇಕು ಎಂಬ ನಿಯಮವೂ ಇದೆ. ಮುಂದಿನ ಎಲ್ಲ ಪುಸ್ತಕಗಳೂ ಈ ಕಿರುಪುಸ್ತಕದ ಜೊತೆ ಹೂಡಿದ ವಾದಗಳೇ.

‘ಫೆಡರಲಿಸ್ಟ್’ ಪ್ರಬಂಧಗಳು ಎಂಬತ್ತೈದು. ಸಂವಿಧಾನವನ್ನು ಒಪ್ಪುವಂತೆ ನ್ಯೂಯಾರ್ಕಿನ ಜನರನ್ನು ಒಲಿಸಲು 1787 ಮತ್ತು 1788ರಲ್ಲಿ ಒಂದೇ ಗುಪ್ತನಾಮದಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜಾನ್ ಜೇ ಇವನ್ನು ಬರೆದರು. ಎಲ್ಲವನ್ನೂ ಸಾಲಾಗಿ ಓದಲು ಹೊರಟವರು ಇಪ್ಪತ್ತನೆಯದರ ಹೊತ್ತಿಗೆ ಪುಸ್ತಕ ಮುಚ್ಚುತ್ತಾರೆ. ಹತ್ತು, ಐವತ್ತೊಂದು, ಎಪ್ಪತ್ತೆಂಟು ಮತ್ತು ಎಂಬತ್ತನಾಲ್ಕನೆಯ ಪ್ರಬಂಧಗಳಿಂದ ಆರಂಭಿಸುವುದು ಮೇಲು. ಪಂಗಡಗಳ ಸ್ವಾರ್ಥವನ್ನು ಅಳಿಸಲಾಗದು, ಹಂಚಿ ಹಿಡಿತದಲ್ಲಿಡಬಹುದಷ್ಟೇ ಎಂದು ಹತ್ತನೆಯದು ವಾದಿಸುತ್ತದೆ. ಒಂದು ಅಧಿಕಾರಸ್ಥಾನದ ಮಹತ್ವಾಕಾಂಕ್ಷೆಗೆ ಇನ್ನೊಂದರ ಮಹತ್ವಾಕಾಂಕ್ಷೆಯೇ ಅಡ್ಡಗಾಲಾಗಬೇಕು ಎಂಬುದು ಐವತ್ತೊಂದರ ಮಾತು. ನ್ಯಾಯಾಂಗದ ಸ್ವಾತಂತ್ರ್ಯದ ಚರ್ಚೆ ಎಪ್ಪತ್ತೆಂಟರಲ್ಲಿದೆ. ಎಂಬತ್ತನಾಲ್ಕರಲ್ಲಿ ಹ್ಯಾಮಿಲ್ಟನ್ ಸಂವಿಧಾನದಲ್ಲಿ ಜನರ ಹಕ್ಕುಗಳ ಪ್ರತ್ಯೇಕ ಪಟ್ಟಿ ಅನಗತ್ಯ ಎಂದು ವಾದಿಸಿ ಸೋಲುತ್ತಾನೆ. ವಿರೋಧಿಗಳ ಒತ್ತಾಯದಿಂದಾಗಿಯೇ ಆ ಹಕ್ಕುಗಳ ಪಟ್ಟಿಯಾದ ಮೊದಲ ಹತ್ತು ತಿದ್ದುಪಡಿಗಳು 1791ರಲ್ಲಿ ಜಾರಿಗೆ ಬಂದವು. ಇಷ್ಟು ಮೇಧಾವಿಗಳು ಬರೆದುದರಲ್ಲಿಯೂ ವಿರೋಧಿಗಳ ಮಾತೇ ಸರಿಯಾಗಿದ್ದ ಸಂದರ್ಭವನ್ನು ಪೌರರಾದವರು ನೋಡಲೇಬೇಕು. ಕ್ಲಿಂಟನ್ ರಾಸಿಟರ್ ಸಂಪಾದಿಸಿದ ಚಿಕ್ಕ ಅಳತೆಯ ಸಿಗ್ನೆಟ್ ಮುದ್ರಣ ಹಳೆಯ ಪುಸ್ತಕಗಳ ನಡುವೆ ಸಿಕ್ಕರೆ ಬಿಡಬಾರದು. ಅದರ ಕೊನೆಯಲ್ಲಿ ಸಂವಿಧಾನದ ಪಠ್ಯವಿದ್ದು, ಯಾವ ವಿಧಿಯನ್ನು ಯಾವ ಪ್ರಬಂಧ ಚರ್ಚಿಸುತ್ತದೆ ಎಂಬ ಸೂಚನೆಯೂ ಇದೆ.

ಟಾಕ್ವಿಲ್‌ನ ‘ಅಮೆರಿಕದಲ್ಲಿ ಪ್ರಜಾಪ್ರಭುತ್ವ’ವನ್ನು ಎಲ್ಲರೂ ಹೊಗಳುತ್ತಾರೆ, ಪೂರ್ತಿ ಓದಿದವರು ಕಡಿಮೆ. ಸೆರೆಮನೆಗಳನ್ನು ಅಧ್ಯಯನ ಮಾಡಲೆಂದು 1831ರಲ್ಲಿ ಬಂದ ಈ ಫ್ರೆಂಚ್ ಯುವಕ ಒಂಬತ್ತು ತಿಂಗಳು ಸುತ್ತಾಡಿ, 1835 ಮತ್ತು 1840ರಲ್ಲಿ ಎರಡು ಸಂಪುಟಗಳಾಗಿ ಇದನ್ನು ಪ್ರಕಟಿಸಿದ. ಸಂಗ್ರಹ ರೂಪದ ಪುಸ್ತಕ ಕೊಳ್ಳುವವರು ಮೊದಲ ಸಂಪುಟದ ಕೊನೆಯ ಅಧ್ಯಾಯ ಅದರಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಆ ಚಳಿಗಾಲದಲ್ಲಿ ಮೆಂಫಿಸ್ ಬಳಿ, ತಮ್ಮ ನೆಲದಿಂದ ಹೊರದಬ್ಬಿಸಿಕೊಂಡ ಚಾಕ್ಟಾ ಜನರು ಮಿಸಿಸಿಪ್ಪಿ ನದಿಯನ್ನು ದಾಟುವುದನ್ನು ಅವನು ಕಣ್ಣಾರೆ ಕಂಡ. ರೋಗಿಗಳು, ಆಗತಾನೆ ಹುಟ್ಟಿದ ಕೂಸುಗಳು, ಸಾವಿನ ಅಂಚಿನಲ್ಲಿದ್ದ ಮುದುಕರು ಎಲ್ಲರೂ ದೋಣಿ ಹತ್ತಿದರು, ಯಾರೂ ಅಳಲಿಲ್ಲ. ದಡದಲ್ಲಿ ಉಳಿದ ಅವರ ನಾಯಿಗಳು ತಮ್ಮನ್ನು ಬಿಟ್ಟು ಹೋಗುತ್ತಿದ್ದಾರೆಂದು ಅರಿತೊಡನೆ ಊಳಿಟ್ಟು, ಹಿಮದಂತೆ ಕೊರೆಯುವ ನೀರಿಗೆ ಧುಮುಕಿ ದೋಣಿಯ ಹಿಂದೆ ಈಜಿದವು. ಪ್ರಜಾಪ್ರಭುತ್ವವನ್ನು ಅಷ್ಟು ಮೆಚ್ಚಿದವನ ಪುಸ್ತಕದಲ್ಲಿಯೇ ಈ ದೃಶ್ಯವಿದೆ. ಸಂಗ್ರಹಕಾರರು ಇದನ್ನು ಕೈಬಿಟ್ಟರೆ ಪುಸ್ತಕದ ಪ್ರಾಣವನ್ನೇ ಕೈಬಿಟ್ಟಂತೆ.

ಈ ಇಡೀ ಕಟ್ಟಿನಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥನ. ತನ್ನ ವಯಸ್ಸು ತನಗೇ ಗೊತ್ತಿಲ್ಲ ಎನ್ನುವುದರಿಂದ ಅದು ಆರಂಭವಾಗುತ್ತದೆ. ಕುದುರೆಗಳಿಗೆ ತಮ್ಮ ವಯಸ್ಸು ಎಷ್ಟು ತಿಳಿದಿದೆಯೋ ಗುಲಾಮರಿಗೂ ಅಷ್ಟೇ ತಿಳಿದಿದೆ ಎಂದು ಅವನು ಬರೆಯುತ್ತಾನೆ. ದೂರದ ಹೊಲದಲ್ಲಿ ದುಡಿಯುತ್ತಿದ್ದ ತಾಯಿ ದಿನದ ಕೆಲಸ ಮುಗಿಸಿ ಹನ್ನೆರಡು ಮೈಲಿ ನಡೆದು ರಾತ್ರಿ ಬಂದು, ಅವನ ಪಕ್ಕದಲ್ಲಿ ಮಲಗಿ, ಅವನು ಏಳುವ ಮೊದಲೇ ಹೊರಟುಹೋಗುತ್ತಿದ್ದಳು. ಬೆಳಗಿನ ಬೆಳಕಿನಲ್ಲಿ ಆಕೆಯ ಮುಖ ನೋಡಿದ ನೆನಪು ಅವನಿಗಿಲ್ಲ. ಬಾಲ್ಟಿಮೋರಿನಲ್ಲಿ ಮನೆಯೊಡತಿ ಅವನಿಗೆ ಅಕ್ಷರ ಕಲಿಸಲು ತೊಡಗಿದಾಗ ಗಂಡ ತಡೆಯುತ್ತಾನೆ: ಓದು ಬಂದರೆ ಇವನು ಗುಲಾಮನಾಗಿ ಉಳಿಯಲು ಲಾಯಕ್ಕಿಲ್ಲದವನಾಗುತ್ತಾನೆ ಎಂಬುದು ಆತನ ಭಯ. ಆ ಮಾತಿನಿಂದಲೇ ಬಿಡುಗಡೆಯ ದಾರಿ ಯಾವುದೆಂದು ಹುಡುಗನಿಗೆ ಹೊಳೆಯಿತು. ಮುಂದೆ ಅವನು ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ಡು ಕೊಟ್ಟು, ಬದಲಿಗೆ ಅವರಿಂದ ಓದು ಕಲಿತ. ನಮ್ಮ ನಾಡಿನಲ್ಲಿಯೂ ಯಾರಿಗೆ ಅಕ್ಷರ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂದು ತೀರ್ಮಾನಿಸಿದ ಶತಮಾನಗಳು ಕಳೆದಿವೆ. ಆ ಚರಿತ್ರೆಯ ಯಾವ ಬದಿಯಿಂದ ಬಂದ ಕನ್ನಡಿಗರೂ ಈ ಪುಟಗಳನ್ನು ಸುಮ್ಮನೆ ತಿರುವಿಹಾಕಲಾರರು. ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು 1873ರಲ್ಲಿ ಅರ್ಪಿಸಿದ್ದು, ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೆ.

ಇದನ್ನೆಲ್ಲ ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಮಕ್ಕಳು ಯಾಕೆ ಓದಬೇಕು, ಅದು ಬೇರೆಯವರ ಚರಿತ್ರೆಯಲ್ಲವೇ ಎಂದು ಕೇಳಿದವರಿದ್ದಾರೆ. ಅದು ಬೇರೆಯವರದಲ್ಲ. 1790ರ ಕಾನೂನು ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರತ್ವ ಪಡೆಯುವ ಅವಕಾಶ ಕೊಟ್ಟಿತ್ತು. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಆ ದೇಶದ ಸುಪ್ರೀಂ ಕೋರ್ಟ್ 1923ರಲ್ಲಿ ಪೌರತ್ವ ನಿರಾಕರಿಸಿತು, ಕಾರಣ ಆತ ಬಿಳಿಯನಲ್ಲ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತಾದರೂ ವಲಸೆಗೆ ಇದ್ದ ಮಿತಿ ವರ್ಷಕ್ಕೆ ಸುಮಾರು ನೂರು ಜನ. ಬೆಂಗಳೂರಿನ ಎಂಜಿನಿಯರುಗಳಿಗೂ ವೈದ್ಯರಿಗೂ ಬಾಗಿಲು ತೆರೆದದ್ದು 1965ರ ಅಕ್ಟೋಬರಿನ ವಲಸೆ ಕಾಯಿದೆ. ಕರಿಯರ ಮತದಾನದ ಹಕ್ಕನ್ನು ಕಾಪಾಡುವ ಕಾಯಿದೆಗೆ ಅದೇ ವರ್ಷದ ಆಗಸ್ಟಿನಲ್ಲಿ ಸಹಿ ಬಿದ್ದಿತ್ತು. ಎರಡರ ಹಿಂದೆ ಇದ್ದದ್ದು ಜನಾಂಗದ ಆಧಾರದ ಮೇಲೆ ಮನುಷ್ಯರನ್ನು ವಿಂಗಡಿಸುವುದು ತಪ್ಪು ಎಂಬ ಒಂದೇ ಒತ್ತಡ. ಅದನ್ನು ಬೀದಿಯಲ್ಲಿ ಏಟು ತಿಂದು ಕಟ್ಟಿದವರು ಡಗ್ಲಸ್‌ನ ವಾರಸುದಾರರು. ಆ ಋಣ ನಮ್ಮವರ ಮೇಲಿದೆ ಎಂದು ನಾನು ನಂಬಿದ್ದೇನೆ.

ಹಾಗಾಗಿ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರವೂ ಕಟ್ಟಿನಲ್ಲಿ ಸೇರಲೇಬೇಕು. ಸ್ವಲ್ಪ ಕಾಯಿರಿ ಎಂದು ಬುದ್ಧಿ ಹೇಳಿದ ಎಂಟು ಜನ ಬಿಳಿಯ ಧರ್ಮಗುರುಗಳಿಗೆ ಕೊಟ್ಟ ಉತ್ತರವನ್ನು ಅವರು ವೃತ್ತಪತ್ರಿಕೆಯ ಅಂಚುಗಳಲ್ಲಿ ಬರೆಯಲು ಆರಂಭಿಸಿದರು. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯವಿದೆ. ಟಿವಿಯಲ್ಲಿ ಜಾಹೀರಾತು ನೋಡಿದ ಆರು ವರ್ಷದ ಮಗಳಿಗೆ, ಆ ಆಟದ ಉದ್ಯಾನಕ್ಕೆ ನಮ್ಮ ಮಕ್ಕಳನ್ನು ಬಿಡುವುದಿಲ್ಲ ಎಂದು ವಿವರಿಸಲು ತಂದೆಯೊಬ್ಬನಿಗೆ ನಾಲಿಗೆ ತೊದಲುವುದು ಆ ವಾಕ್ಯದ ಒಳಗಿದೆ. ಥೋರೋನ 1849ರ ನಾಗರಿಕ ಅವಿಧೇಯತೆಯ ಪ್ರಬಂಧವನ್ನು ಇದರ ಜೊತೆ ಇಡಬಹುದು, ಗಾಂಧಿಯವರ ಮೂಲಕ ನಮಗೆ ಅದು ಹಳೆಯ ಪರಿಚಯ. ಕರಿಯ ಲೇಖಕರೇ ಆದ ಡು ಬೊಯಿಸ್‌ರ 1903ರ ‘ಕರಿಯ ಜನರ ಆತ್ಮಗಳು’, ಬಾಲ್ಡ್‌ವಿನ್‌ರ 1963ರ ‘ಮುಂದಿನ ಬಾರಿ ಬೆಂಕಿ’ ಇವೆರಡನ್ನೂ ಹಳೆಯ ಪೇಪರ್‌ಬ್ಯಾಕುಗಳಲ್ಲಿ ಹುಡುಕಬಹುದು. ಕಾದಂಬರಿಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಶಾಲೆಗಳಲ್ಲಿಯೇ ಅವನ್ನು ಓದಿಸುತ್ತಾರೆ.

ಒಂದು ವಿಷಯವನ್ನು ನಮ್ಮವರ ಸಲುವಾಗಿ ಸೇರಿಸುತ್ತೇನೆ. ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಐದನೆಯ ಮತ್ತು ಹದಿನಾಲ್ಕನೆಯ ತಿದ್ದುಪಡಿಗಳಲ್ಲಿರುವ ‘ಡ್ಯೂ ಪ್ರೊಸೆಸ್’ (ನ್ಯಾಯಸಮ್ಮತ ಕಾನೂನುಕ್ರಮ) ಎಂಬ ಮಾತು ಚುನಾಯಿತರಲ್ಲದ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂಬ ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ನಮ್ಮ ಇಪ್ಪತ್ತೊಂದನೆಯ ವಿಧಿಯ ರೂಪದ ಮೇಲೆ ಪ್ರಭಾವ ಬೀರಿತು. ಎರಡೂ ಸಂವಿಧಾನಗಳ ಆ ಸಾಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ, ಬಿಟ್ಟುಬಂದ ದೇಶ ಮತ್ತು ಒಪ್ಪಿಕೊಂಡ ದೇಶ ಎರಡೂ ಅರ್ಥವಾಗುತ್ತವೆ.

ಒಟ್ಟಿನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಈ ಕಟ್ಟನ್ನು ಹೊಂದಿಸುವುದು ಸಾಧ್ಯ. ಹಳೆಯ ಪುಸ್ತಕಗಳ ವ್ಯಾಪಾರವಾದ್ದರಿಂದ ಬೇಕಾದ ಮುದ್ರಣ ಹೋದ ದಿನವೇ ಸಿಗುತ್ತದೆ ಎಂದು ಹೇಳಲಾಗದು. ಅಂಗಡಿಯವರಿಗೆ ಸಂಪಾದಕರ ಹೆಸರು ಹೇಳಿ ವಿಚಾರಿಸಿದರೆ ಹುಡುಕಾಟ ಸುಲಭವಾಗುತ್ತದೆ. ವಿಮಾನದ ಸಾಮಾನಿನ ತೂಕಕ್ಕೆ ಹೆದರುವವರು ಟಾಕ್ವಿಲ್‌ನನ್ನು ಅಲ್ಲಿಯ ಗ್ರಂಥಾಲಯದಿಂದ ತರಿಸಿಕೊಳ್ಳಲಿ. ಡಗ್ಲಸ್ ಮಾತ್ರ ಪೆಟ್ಟಿಗೆಯಲ್ಲಿ ಹೋಗಬೇಕು, ಅದರಲ್ಲಿಯೂ 1852ರ ಜುಲೈ 5ರಂದು ರಾಚೆಸ್ಟರಿನಲ್ಲಿ, ಅಮೆರಿಕದ ಸ್ವಾತಂತ್ರ್ಯ ದಿನ ಗುಲಾಮನಿಗೆ ಏನು ಎಂದು ಕೇಳಿ ಅವನು ಮಾಡಿದ ಭಾಷಣ ಸೇರಿರುವ ಮುದ್ರಣ.