‘ಚಾನ್ಸ್’ ಅಂದರೆ ಬರೀ ಅವಕಾಶ ಅಲ್ಲ: ಒಂದು ನಿಘಂಟು ಆ್ಯಪ್ ಬಗ್ಗೆ

ಔಷಧಿ ಡಬ್ಬದೊಳಗೆ ಎಂಟು ಮಡಿಕೆ ಮಾಡಿಟ್ಟ ತೆಳು ಚೀಟಿ ಇರುತ್ತದಲ್ಲ, ಅದನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ಇಂಗ್ಲಿಷ್–ಕನ್ನಡ ನಿಘಂಟು ಆ್ಯಪನ್ನು ಮೂರು ತಿಂಗಳಿಂದ ದಿನಾ ಬಳಸುತ್ತಿದ್ದೇನೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಉಳಿದೆರಡು ಹೋದದ್ದು ಒಂದೇ ಪದದಿಂದ: ಚಾನ್ಸ್.

ಚೀಟಿಯಲ್ಲಿ ‘ಎ ಸ್ಮಾಲ್ ಚಾನ್ಸ್ ಆಫ್ ಬ್ಲೀಡಿಂಗ್’ ಅಂತಿತ್ತು. ಚಾನ್ಸ್ ಎಂದು ಹುಡುಕಿದರೆ ‘ಅವಕಾಶ, ಸಂದರ್ಭ, ಅದೃಷ್ಟ’ ಅಂತ ಬಂತು, ಅಷ್ಟೇ. ಮೊದಲನೆಯದನ್ನೇ ಹಾಕಿದ್ದರೆ ‘ರಕ್ತಸ್ರಾವಕ್ಕೆ ಸಣ್ಣ ಅವಕಾಶ’ ಆಗುತ್ತಿತ್ತು. ಅವಕಾಶ ಅಂದರೆ ನಾವು ಬಯಸಿದ್ದು ಒದಗಿಬರುವುದು. ರಕ್ತ ಸೋರಲಿ ಅಂತ ಯಾರು ಬಯಸುತ್ತಾರೆ? ‘ರಕ್ತಸ್ರಾವ ಆಗುವ ಸಾಧ್ಯತೆ ಸ್ವಲ್ಪ ಇದೆ’ ಅಂತ ಬರೆದೆ. ‘ಸಾಧ್ಯತೆ’ ಅನ್ನುವ ಪದವೇ ಆ್ಯಪ್‌ನ ಪಟ್ಟಿಯಲ್ಲಿ ಇರಲಿಲ್ಲ. ಕಾಯಿಲೆಯವರು ಭಯದಲ್ಲಿ ಓದುವ ಚೀಟಿ ಅದು. ಅದಕ್ಕೇ ನನಗೆ ಇಷ್ಟು ಬೇಜಾರು.

ಕನ್ನಡದಲ್ಲಿ ನಾವು ಚಾನ್ಸ್ ಅನ್ನುವುದು ಜಾಸ್ತಿ ಅವಕಾಶಕ್ಕೇ. ‘ಒಂದು ಚಾನ್ಸ್ ಕೊಡಿ’, ‘ಒಳ್ಳೇ ಚಾನ್ಸ್ ತಪ್ಪಿಹೋಯ್ತು’. ಇಂಗ್ಲಿಷಿನಲ್ಲಿ ಮಾತ್ರ ಅಕ್ಕಪಕ್ಕದ ಚಿಕ್ಕ ಪದವನ್ನೂ ನೋಡಬೇಕು. ‘ಚಾನ್ಸ್ ಟು ಸ್ಪೀಕ್’ ಅಂದರೆ ಮಾತಾಡುವ ಅವಕಾಶ. ‘ಚಾನ್ಸ್ ಆಫ್ ರೇನ್’ ಅಂದರೆ ಮಳೆ ಬರುವ ಸಾಧ್ಯತೆ. ಮುಂದೆ ‘ಎ’ ಇಲ್ಲದೆ ‘ಬೈ ಚಾನ್ಸ್’ ಅಂದರೆ ಆಕಸ್ಮಿಕವಾಗಿ. ಒಂದೊಂದಕ್ಕೆ ಒಂದು ಉದಾಹರಣೆ ಕೊಟ್ಟಿದ್ದರೂ ಸಾಕಿತ್ತು.

ಇಡೀ ವಾಕ್ಯ ಅನುವಾದಿಸುವ ಸೌಲಭ್ಯವೂ ಇದೆ. ‘ಡು ಯು ಹ್ಯಾವ್ ಎ ಪೆನ್, ಬೈ ಎನಿ ಚಾನ್ಸ್?’ ಅಂತ ಹಾಕಿ ನೋಡಿದೆ. ‘ಯಾವುದೇ ಅವಕಾಶದಿಂದ ನಿಮ್ಮ ಬಳಿ ಪೆನ್ ಇದೆಯೇ?’ ಅಂತ ಬಂತು. ನಾವು ಹಾಗೆ ಕೇಳ್ತೀವಾ? ‘ನಿಮ್ಮ ಹತ್ರ ಪೆನ್ನೇನಾದ್ರೂ ಇದೆಯಾ?’ ಅಂತೀವಿ. ಇಂಗ್ಲಿಷಿನವರು ಮೂರು ಪದದಲ್ಲಿ ತೋರಿಸುವ ಸಂಕೋಚವೆಲ್ಲ ನಮ್ಮ ‘ಏನಾದ್ರೂ’ನಲ್ಲೇ ಬಂದುಬಿಡುತ್ತದೆ.

ಇಂಟರ್ನೆಟ್ ಇಲ್ಲದಿದ್ದರೂ ಆ್ಯಪ್ ನಡೆಯುತ್ತದೆ. ಉಚ್ಚಾರಣೆ ಸ್ಪಷ್ಟವಾಗಿ ಕೇಳಿಸುತ್ತದೆ. ನನಗೆ ತುಂಬಾ ಹಿಡಿಸಿದ್ದು ಪದದ ಹುಟ್ಟು ಹೇಳುವ ಭಾಗ. ಚಾನ್ಸ್ ಬಂದಿರುವುದು ‘ಬೀಳು’ ಅನ್ನುವ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಕಾದೆರೆ’ಯಿಂದ, ಹಳೆಯ ಫ್ರೆಂಚಿನ ಮೂಲಕ. ದಾಳ ಹೇಗೆ ಬಿತ್ತೋ ಹಾಗೆ. ನಾವೂ ‘ಗರ ಬಿತ್ತು’ ಅನ್ನುತ್ತೇವೆ, ಅಲ್ವಾ? ‘ಆಕ್ಸಿಡೆಂಟ್’ ಕೂಡ ಇದೇ ಬೇರಿನದು. ನಾವು ದಿನಾ ಬಳಸುವ ‘ಕೇಸ್’ ಕೂಡ. ಆ ಪುಟವನ್ನು ಎರಡು ಸಲ ಓದಿದೆ.

ಇಂಥ ಎಂಟು ವಾಕ್ಯಗಳನ್ನು ಸರಿಯಾದ ಕನ್ನಡದ ಜೊತೆ ಆ್ಯಪ್‌ನವರಿಗೆ ಬರೆದು ಕಳಿಸಿದ್ದೇನೆ. ಸೇರಿಸಿದರೆ ಆ ಎರಡು ಸ್ಟಾರನ್ನೂ ಖುಷಿಯಿಂದ ಕೊಡುತ್ತೇನೆ. ಅಲ್ಲಿಯವರೆಗೆ ಉಚ್ಚಾರಣೆಗೆ, ಪದದ ಹುಟ್ಟು ತಿಳಿಯಲು ಇದನ್ನು ಇಟ್ಟುಕೊಳ್ಳಿ. ಔಷಧಿ, ಕಾನೂನಿನ ಕಾಗದ ಅನುವಾದಿಸುವವರು ಇದೊಂದನ್ನೇ ನಂಬಿ ಕೂರಬೇಡಿ.